ಮದುವೆಯಾದರೆ ಹಳೆಯ ಉಯಿಲು ಏನಾಗುತ್ತದೆ?

ಉಯಿಲು ಮುಪ್ಪಿನಲ್ಲಿ ಬರೆಯುವಂಥದ್ದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮದುವೆಮನೆಯಲ್ಲಂತೂ ಆ ಮಾತೆತ್ತುವುದೇ ಅಪಶಕುನ! ಆದರೆ ಹಳೆಯ ಉಯಿಲನ್ನು ಬಿಚ್ಚಿ ನೋಡಬೇಕಾದ ಸಮಯ ಅದೇ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಕ್ರೈಸ್ತರ, ಪಾರ್ಸಿಗಳ ಉಯಿಲು ಅವರ ಮದುವೆಯೊಂದಿಗೇ ರದ್ದಾಗುತ್ತದೆ. ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ ಈ ನಿಯಮವಿಲ್ಲ. ಬ್ರಹ್ಮಚಾರಿಯಾಗಿದ್ದಾಗ ಸ್ವಯಾರ್ಜಿತ ಮನೆಯನ್ನು ತಮ್ಮನ ಹೆಸರಿಗೆ ಬರೆದಿಟ್ಟವನು, ಮದುವೆಯಾದ ಮೇಲೆ ಆ ಕಾಗದವನ್ನು ಮರೆತೇ ತೀರಿಕೊಂಡರೆ ಮನೆ ತಮ್ಮನದೇ. ಹೆಂಡತಿ ಜೀವನಾಂಶ ಕೇಳಬಹುದಷ್ಟೆ. ಉಯಿಲೇ ಇಲ್ಲದಿದ್ದರೆ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಕ್ಕಳು, ತಾಯಿಗೆ ಸಮಪಾಲು. ತಮ್ಮನಿಗೆ ಏನೂ ಇಲ್ಲ.

ಹಿಂದಿನದನ್ನು ರದ್ದುಪಡಿಸಿದೆ ಎಂದು ಹೊಸ ಉಯಿಲಿನಲ್ಲಿ ಬರೆದು, ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ, ಅವರ ಸಹಿಯನ್ನೂ ಪಡೆದರಾಯಿತು. ನೋಂದಣಿ ಕಡ್ಡಾಯವಲ್ಲ, ಹಳೆಯದು ನೋಂದಣಿಯಾಗಿದ್ದರೂ ಸಹ.