ಹೊರದೇಶದಲ್ಲಿ ಒಂದು ತಿಂಗಳು: ಖರ್ಚು ಯಾರದು?

ಮಹಾರಾಷ್ಟ್ರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಇಂಟರ್ನ್‌ಗೆ 2024ರಲ್ಲಿ ಸ್ಟೈಪೆಂಡ್ ಏರಿತು: 11,000 ಇದ್ದದ್ದು 18,000 ರೂಪಾಯಿ ಆಯಿತು. ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮುಗಿಸಿದ ಇಂಟರ್ನ್ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಒಂದು ತಿಂಗಳು ಕಲಿತು ಬರಲು ಲೆಕ್ಕ ಹಾಕಿದರೆ, ವಿಮಾನದ ಟಿಕೆಟ್ಟೇ ಹಲವು ತಿಂಗಳ ಸ್ಟೈಪೆಂಡ್ ನುಂಗುತ್ತದೆ. ಬೆಳಗಾವಿ, ವಿಜಯಪುರ, ಸೊಲ್ಲಾಪುರದ ಕಡೆಯಿಂದ ಮಕ್ಕಳನ್ನು ಪುಣೆಗೆ ಓದಲು ಕಳಿಸಿದ ಮನೆಗಳಲ್ಲಿ ಆಗ ಏಳುವ ಪ್ರಶ್ನೆ ಒಂದೇ: “ಸ್ಕಾಲರ್‌ಶಿಪ್ ಏನರೆ ಸಿಗತೈತೇನು?”

ಸಿಗುತ್ತದೆ. ಆದರೆ ಯಾವ ದೇಶಕ್ಕೆ ಎನ್ನುವುದಕ್ಕಿಂತ ಯಾವ ಕೆಲಸಕ್ಕೆ ಹೋಗುತ್ತೀರಿ ಎನ್ನುವುದೇ ಮುಖ್ಯ. ವಾರ್ಡಿನಲ್ಲಿ ನಿಂತು ನೋಡಿ ಬರುವವರಿಗೆ ದುಡ್ಡು ಕೊಡುವವರು ಬಹಳ ಕಡಿಮೆ. ಪದವಿಗೆ ಕೊಡುವವರಿದ್ದಾರೆ, ಸಂಶೋಧನೆಗೆ ಕೊಡುವವರೂ ಇದ್ದಾರೆ. ಇದು ಗೊತ್ತಿಲ್ಲದೆ ಸಿಕ್ಕಸಿಕ್ಕಲ್ಲಿ ಅರ್ಜಿ ಹಾಕಿ ಒಂದು ವರ್ಷ ಕಳೆದುಕೊಳ್ಳುವವರೇ ಹೆಚ್ಚು.

ಅಗ್ಗದ ದಾರಿಯನ್ನು ವಿದ್ಯಾರ್ಥಿಗಳೇ ಕಟ್ಟಿಕೊಂಡಿದ್ದಾರೆ. ವೈದ್ಯಕೀಯ ವಿದ್ಯಾರ್ಥಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಫ್‌ಎಂಎಸ್‌ಎ 1951ರಲ್ಲಿ ಕೋಪನ್‌ಹೇಗನ್‌ನಲ್ಲಿ ಶುರುವಾಯಿತು. ನಮ್ಮಲ್ಲಿ ಅದರ ಸದಸ್ಯ ಸಂಸ್ಥೆ ಮೆಡಿಕಲ್ ಸ್ಟೂಡೆಂಟ್ಸ್ ಅಸೋಸಿಯೇಷನ್ ಆಫ್ ಇಂಡಿಯಾ. ಇಲ್ಲಿ ನಡೆಯುವುದು ಅದಲು ಬದಲು. ಇಲ್ಲಿಂದೊಬ್ಬರು ಅಲ್ಲಿಗೆ ಹೋದರೆ ಅಲ್ಲಿಂದೊಬ್ಬರು ಇಲ್ಲಿಗೆ ಬರುತ್ತಾರೆ, ಸಾಮಾನ್ಯವಾಗಿ ನಾಲ್ಕು ವಾರಕ್ಕೆ. ಉಳಿಯುವ ಜಾಗ, ದಿನಕ್ಕೆ ಒಂದು ಊಟವಾದರೂ ಕರೆಸಿಕೊಂಡ ಸಂಘದ ಹೊಣೆ. ಟಿಕೆಟ್, ವೀಸಾ, ವಿಮೆ, ಸಂಘದ ಶುಲ್ಕ ನಿಮ್ಮ ಹೊಣೆ. ಶೇ 80ರಷ್ಟು ಹಾಜರಾತಿ ಇಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ. ಬಾಡಿಗೆ ಉಳಿಯುವುದೇ ಇಲ್ಲಿ ದೊಡ್ಡ ಲಾಭ. ಕೈಯಲ್ಲಿ ಹೆಚ್ಚು ದುಡ್ಡಿಲ್ಲದವರು ಮೊದಲು ಈ ಬಾಗಿಲು ತಟ್ಟುವುದು ಒಳ್ಳೆಯದು.

ನೇರವಾಗಿ ಆಸ್ಪತ್ರೆಗೇ ಬರೆದು ಹೋಗುವ ಐಚ್ಛಿಕ ತರಬೇತಿ, ಅಂದರೆ ಎಲೆಕ್ಟಿವ್, ಬೇರೆ. ಅಮೆರಿಕದಲ್ಲಿ ಇದು ವಿದ್ಯಾರ್ಥಿ ದೆಸೆಯಲ್ಲಿರುವವರಿಗೆ ಮಾತ್ರ. ಬಿ-1 ವೀಸಾದಲ್ಲಿ ಹೋಗಬಹುದು, ಆಸ್ಪತ್ರೆಯಿಂದ ಸಂಬಳ ಪಡೆಯುವಂತಿಲ್ಲ. ಪದವಿ ಮುಗಿದ ಮೇಲೆ ಉಳಿಯುವುದು ಅಬ್ಸರ್ವರ್‌ಶಿಪ್. ಅದರಲ್ಲಿ ರೋಗಿಯನ್ನು ಮುಟ್ಟುವ ಹಾಗಿಲ್ಲ. ನಮ್ಮ ಇಂಟರ್ನ್‌ಶಿಪ್ ವರ್ಷವನ್ನು ಓದಿನ ಭಾಗವೆಂದು ಎಣಿಸುವ ವಿಷಯದಲ್ಲಿ ಒಂದೊಂದು ಆಸ್ಪತ್ರೆಗೆ ಒಂದೊಂದು ನಿಯಮ. ಶುಲ್ಕ ಕಟ್ಟುವ ಮುಂಚೆ ಕೇಳಿಕೊಳ್ಳಿ. ಬ್ರಿಟನ್ನಿನ ವಿಸಿಟರ್ ವೀಸಾದಲ್ಲೂ ಎಲೆಕ್ಟಿವ್ ಮಾಡಬಹುದು, ಆದರೆ ಸಂಬಳವಿಲ್ಲ, ಚಿಕಿತ್ಸೆ ಕೊಡುವಂತಿಲ್ಲ. ಅಮೆರಿಕದ ಫುಲ್‌ಬ್ರೈಟ್ ಫೆಲೊಶಿಪ್ ಕೂಡ ರೋಗಿಗಳ ಸಂಪರ್ಕವಿರುವ ಕ್ಲಿನಿಕಲ್ ತರಬೇತಿಗೆ ದುಡ್ಡು ಕೊಡುವುದಿಲ್ಲ.

ದುಡ್ಡು ಹೊಂದಿದರೂ ರಜೆ ಹೊಂದಬೇಕಲ್ಲ! ಹನ್ನೆರಡು ತಿಂಗಳ ಇಂಟರ್ನ್‌ಶಿಪ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೊಡುವ ರಜೆ 15 ದಿನ. ಎಂಡಿ, ಎಂಎಸ್ ಓದುವವರಿಗೆ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿ ಕಡ್ಡಾಯ. ಆದ್ದರಿಂದ ಅನುದಾನ ಹುಡುಕುವ ಮೊದಲು ಡೀನ್ ಕಚೇರಿಗೆ ಹೋಗಿ, ಯಾವ ತಿಂಗಳು ಬಿಡುತ್ತಾರೆಂದು ತಿಳಿದುಕೊಳ್ಳಬೇಕು.

ಸಂಶೋಧನೆಯ ದುಡ್ಡು ಹೇಗೆ ಹರಿಯುತ್ತದೆ ಎಂಬುದನ್ನು ಸಸೂನ್ ಆವರಣದಲ್ಲೇ ನೋಡಬಹುದು. ಅಲ್ಲಿನ ಬಿ.ಜೆ. ಮೆಡಿಕಲ್ ಕಾಲೇಜು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೊತೆ ಎಚ್‌ಐವಿ, ಕ್ಷಯದ ಮೇಲೆ ವರ್ಷಗಟ್ಟಲೆ ಸಂಶೋಧನೆ ನಡೆಸಿದೆ. ಇಂಥ ಜೋಡಿ ಸಂಸ್ಥೆಗಳಿಗೆ ತರಬೇತಿಯ ದುಡ್ಡು ಕೊಡುವ ದೊಡ್ಡ ಸಂಸ್ಥೆ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ (ಎನ್‌ಐಎಚ್) ಅಂಗವಾಗಿ 1968ರಲ್ಲಿ ಆರಂಭವಾದ ಫೋಗಾರ್ಟಿ ಅಂತರರಾಷ್ಟ್ರೀಯ ಕೇಂದ್ರ. ಅದರ ತರಬೇತಿ ಅನುದಾನ ಸೇರುವುದು ಸಂಸ್ಥೆಗೆ. ಟ್ರೈನಿಗಳನ್ನು ಆರಿಸುವವರು ಅಲ್ಲಿನ ಪ್ರಾಧ್ಯಾಪಕರು. ಫೋಗಾರ್ಟಿಯ ಜಾಗತಿಕ ಆರೋಗ್ಯ ಫೆಲೊಶಿಪ್ ಹನ್ನೆರಡು ತಿಂಗಳದ್ದು. ಅಮೆರಿಕದ ಟ್ರೈನಿ ಆ ದುಡ್ಡಿನಲ್ಲಿ ಹೊರದೇಶಕ್ಕೆ ಹೋಗುತ್ತಾನೆ. ನಮ್ಮಂಥ ದೇಶದ ಟ್ರೈನಿ ಬಹುಪಾಲು ತನ್ನ ಊರಲ್ಲೇ ಕೆಲಸ ಮಾಡುತ್ತಾನೆ. ಹೆಸರು ಜಾಗತಿಕ, ಪ್ರಯಾಣ ಮಾತ್ರ ಒಮ್ಮುಖ. ಇದು ನ್ಯಾಯವೆಂದು ನನಗಂತೂ ಅನ್ನಿಸುವುದಿಲ್ಲ. ಆದರೂ ಆ ಫೆಲೊಶಿಪ್ ಕಲಿಸುವ ಸಂಶೋಧನಾ ಶಿಸ್ತು ಒಂದು ತಿಂಗಳ ಅಬ್ಸರ್ವರ್‌ಶಿಪ್‌ಗಿಂತ ಎಷ್ಟೋ ಮೇಲು. ಇನ್ನೊಂದು ಮಾತು: 2025ರ ಮೇ ತಿಂಗಳಲ್ಲಿ ಎನ್‌ಐಎಚ್, ವಿದೇಶಿ ಪಾಲುದಾರರಿಗೆ ಉಪ ಅನುದಾನ ಕೊಡುವ ಹಳೆಯ ಕ್ರಮವನ್ನು ನಿಲ್ಲಿಸುವುದಾಗಿ ಘೋಷಿಸಿತು. ಸೀನಿಯರ್‌ಗಳ ಕಾಲದ ಮಾಹಿತಿ ನಂಬಿಕೊಂಡು ಕೂರಬೇಡಿ.

ಪೂರ್ತಿ ಪದವಿಗೆ, ಉದಾಹರಣೆಗೆ ಲಂಡನ್ನಿನಲ್ಲಿ ಒಂದು ವರ್ಷದ ಸಾರ್ವಜನಿಕ ಆರೋಗ್ಯದ ಎಂಎಸ್‌ಸಿಗೆ, ಹೊರಡುವವರಿಗೆ ಆಯ್ಕೆ ಜಾಸ್ತಿ. ಜೆ.ಎನ್. ಟಾಟಾ ಎಂಡೋಮೆಂಟ್ 1892ರದು. ಅದರ ಮೊದಲ ಫಲಾನುಭವಿಗಳು ಇಬ್ಬರು ವೈದ್ಯೆಯರು: ಫ್ರೆನಿ ಕಾಮಾ ಮತ್ತು ಕೃಷ್ಣಾಬಾಯಿ ಕೆಳವಕರ್. ಕೃಷ್ಣಾಬಾಯಿ ಮುಂದೆ ಕೊಲ್ಹಾಪುರದಲ್ಲಿ ಹೆಸರಾದ ವೈದ್ಯೆ. ನಮ್ಮ ಭೌತವಿಜ್ಞಾನಿ ರಾಜಾ ರಾಮಣ್ಣ, ಪುಣೆಯ ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಕೂಡ ಟಾಟಾ ಸ್ಕಾಲರ್‌ಗಳೇ. ಇದು ಮೂಲತಃ ಸಾಲ, ತೀರಿಸಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮಹಾರಾಷ್ಟ್ರದ ರಾಜರ್ಷಿ ಶಾಹು ಮಹಾರಾಜ್ ವಿದೇಶಿ ವಿದ್ಯಾರ್ಥಿವೇತನವಿದೆ; ಅದನ್ನು ನೋಡಿಕೊಳ್ಳುವುದು ಪುಣೆಯ ಸಮಾಜ ಕಲ್ಯಾಣ ಆಯುಕ್ತಾಲಯ. ಕರ್ನಾಟಕದ ಇಂಥ ವಿದ್ಯಾರ್ಥಿಗಳಿಗೆ ‘ಪ್ರಬುದ್ಧ’ ಯೋಜನೆ ಇದೆ. ಇವು ಯಾವುವೂ ನಾಲ್ಕು ವಾರದ ಎಲೆಕ್ಟಿವ್‌ಗೆ ಸಿಗುವುದಿಲ್ಲ. ಪುಟ್ಟ ಸಂಶೋಧನೆಗಾದರೆ ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಟ್ರಾಪಿಕಲ್ ಮೆಡಿಸಿನ್ ಅಂಡ್ ಹೈಜೀನ್ 5,000 ಪೌಂಡ್‌ವರೆಗೆ ಕೊಡುತ್ತದೆ.

ಅರ್ಜಿಯಲ್ಲಿ ‘ಅಂತರರಾಷ್ಟ್ರೀಯ ಅನುಭವ ಪಡೆಯಲು’ ಎಂದು ಬರೆದರೆ ಯಾರೂ ದುಡ್ಡು ಬಿಚ್ಚುವುದಿಲ್ಲ. ‘ನಮ್ಮ ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯಿರುವ ಕ್ಷಯ ರೋಗಿಗಳು ನಡುವೆಯೇ ಔಷಧ ಬಿಡುತ್ತಿದ್ದಾರೆ, ಇದನ್ನು ಅಳೆಯುವ ವಿಧಾನ ಕಲಿಯಬೇಕು’ ಎಂದು ಬರೆದರೆ ಓದುತ್ತಾರೆ. ಜೊತೆಗೆ ಕರೆಸಿಕೊಳ್ಳುವ ವಿಭಾಗದ ಪತ್ರ ಬೇಕು: ತಾರೀಖು, ಮಾರ್ಗದರ್ಶಕರ ಹೆಸರು ಸಮೇತ. ಡೀನ್ ಅವರ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕು. ಬಜೆಟ್‌ನಲ್ಲಿ ಟಿಕೆಟ್, ಬಾಡಿಗೆಯ ಜೊತೆ ವಿಮೆ, ರಕ್ತಪರೀಕ್ಷೆ, ಲಸಿಕೆಯ ಖರ್ಚೂ ಇರಲಿ. ಬಿಸಿಜಿ ಹಾಕಿಸಿಕೊಂಡ ನಮ್ಮವರಿಗೆ ಚರ್ಮದ ಟಿಬಿ ಪರೀಕ್ಷೆ ತಪ್ಪು ಫಲಿತಾಂಶ ತೋರಿಸಬಹುದು. ಅದಕ್ಕೇ ಇಗ್ರಾ ಎಂಬ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು.

ತಂದೆತಾಯಿಗೊಂದು ಮಾತು. ‘ಅಮೆರಿಕದಲ್ಲಿ ರೊಟೇಶನ್ ಕೊಡಿಸುತ್ತೇವೆ’ ಎಂದು ಯಾರಾದರೂ ಮುಂಗಡ ಕೇಳಿದರೆ, ಆ ಆಸ್ಪತ್ರೆಯ ವಿಭಾಗಕ್ಕೇ ಇಮೇಲ್ ಬರೆದು ಅಲ್ಲಿಂದ ಉತ್ತರ ಬರುವವರೆಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.