ಕಡಲೆಯ ಬೇರು ರೋಗಗಳು: ಹಾರೂಗೇರಿ ಭಾಗವನ್ನು ಕುರಿತು ಒಂದು ವಿವೇಚನೆ

ಬಟಾಣಿಯ ಬೇರನ್ನು ಕೊಳೆಯಿಸುವ ಅಫನೊಮೈಸಿಸ್ ಎಂಬ ಸೂಕ್ಷ್ಮಜೀವಿಯನ್ನು 1925ರಲ್ಲಿ ಅಮೆರಿಕದ ಜೋನ್ಸ್ ಮತ್ತು ಡ್ರೆಕ್ಸ್‌ಲರ್ ಎಂಬ ವಿದ್ವಾಂಸರು ವರ್ಣಿಸಿದರು. ಆದರೆ ರಾಯಬಾಗ ತಾಲ್ಲೂಕಿನ ಹಾರೂಗೇರಿಯ ಸುತ್ತಲಿನ ಕರಿನೆಲಕ್ಕೆ ಒಗ್ಗಿದ ಹಿಂಗಾರಿ ದ್ವಿದಳ ಧಾನ್ಯವು ಬಟಾಣಿಯಲ್ಲ, ಕಡಲೆ. ಆದುದರಿಂದ ಬಟಾಣಿಯ ದಾಯಾದಿಯಾದ ಕಡಲೆಯನ್ನೇ ಇಲ್ಲಿ ವಿವೇಚನೆಗೆ ಎತ್ತಿಕೊಂಡಿದ್ದೇವೆ. ಇತಿಹಾಸದ ಅಧ್ಯಾಪಕರಿಗೆ ಈ ವಿಷಯವೇಕೆಂದು ವಾಚಕರು ಕೇಳಬಹುದು. ಬೆಳೆ ಕೆಟ್ಟ ವರ್ಷವೆಂದರೆ ಮಳೆ ಕೆಟ್ಟ ವರ್ಷವೆಂದೇ ಬರೆಯುವ ರೂಢಿ ನಮ್ಮ ಶಾಸ್ತ್ರದಲ್ಲಿ ಬಲವಾಗಿರುವುದರಿಂದಲೇ ನೆಲದೊಳಗಿನ ಕಾರಣಗಳನ್ನೂ ನಾವು ಅರಿಯಬೇಕಾಗಿದೆ.

“ಬೇರು ಕೊಳೆಯಿತು” ಎಂಬ ಒಂದೇ ಮಾತಿನಲ್ಲಿ ಕನಿಷ್ಠ ಮೂರು ರೋಗಗಳು ಅಡಗಿರುತ್ತವೆ. ಬಿತ್ತಿದ ಕೆಲವು ವಾರಗಳಲ್ಲೇ ಸಸಿ ಹಳದಿಯಾಗಿ ಸತ್ತು, ಬುಡದಲ್ಲಿ ಬಿಳಿಯ ಬೂಷ್ಟೂ ಸಾಸಿವೆಯಂಥ ಗಂಟುಗಳೂ ಕಂಡುಬಂದರೆ ಅದು ಸ್ಕ್ಲೆರೋಷಿಯಂ ಶಿಲೀಂಧ್ರದಿಂದ ಬರುವ ಬುಡಕೊಳೆ. ಹಸಿ ನೆಲವೂ ಅರೆಕೊಳೆತ ಕಸವೂ ಅದಕ್ಕೆ ಅನುಕೂಲ. ಗಿಡ ಜೋತುಬಿದ್ದಿದ್ದರೂ ಬೇರು ಹೊರಗೆ ನೆಟ್ಟಗಿದ್ದು, ಸೀಳಿದಾಗ ನಡುವೆ ಕಪ್ಪುಗಂದು ಗೆರೆ ತೋರಿದರೆ ಅದು ಫ್ಯುಸೇರಿಯಂ ತರುವ ಸೊರಗು ರೋಗ. ಹೂವು ಕಾಯಿ ಕಟ್ಟುವ ಹೊತ್ತಿಗೆ, ಬಿಸಿಲು 30 ಡಿಗ್ರಿ ಸೆಂಟಿಗ್ರೇಡ್ ಮೀರಿ ನೆಲ ಆರಿದಾಗ, ಗಿಡ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಕಿತ್ತರೆ ಬೇರು ಪಟ್ಟನೆ ಮುರಿದು ತುದಿ ಮಣ್ಣಿನಲ್ಲೇ ಉಳಿದರೆ ಅದು ರೈಝೋಕ್ಟೋನಿಯಾದ ಒಣಬೇರು ಕೊಳೆ.

ಈ ವಿವೇಚನೆ ಕೇವಲ ಪಾಂಡಿತ್ಯವಲ್ಲ. ಕಬ್ಬಿನ ನೀರು ಪಕ್ಕದಲ್ಲೇ ಹರಿಯುವ ಈ ಸೀಮೆಯಲ್ಲಿ ಹಳದಿಯಾದ ಗಿಡವನ್ನು ಕಂಡೊಡನೆ ನೀರು ಬಿಡುವುದು ಸಹಜ. ಒಣಬೇರು ಕೊಳೆಯ ಕಾಲದಲ್ಲಿ ಒಂದು ಹಗುರ ನೀರು ಗಿಡಕ್ಕೆ ಆಸರೆಯಾದೀತು. ಬುಡಕೊಳೆ ತಗುಲಿದ ಹೊಲದಲ್ಲಿ ಅದೇ ನೀರು ರೋಗವನ್ನು ಹರಡುತ್ತದೆ.

ಸೊರಗು ರೋಗದ ಕಥೆ ಹಳೆಯದು. ಇ. ಜೆ. ಬಟ್ಲರ್ ಅವರು ಇದನ್ನು ಭಾರತದಲ್ಲಿ ದಾಖಲಿಸಿದುದು 1918ರಲ್ಲಿ. ಇದರ ಶಿಲೀಂಧ್ರ ಕಡಲೆಯಿಲ್ಲದ ನೆಲದಲ್ಲಿಯೂ 6 ವರ್ಷ ಜೀವಿಸಬಲ್ಲುದಾದ್ದರಿಂದ ಒಂದೆರಡು ವರ್ಷದ ಬೆಳೆ ಬದಲಾವಣೆ ಸಾಲದು, ತಳಿಯೇ ತಡೆಯಬೇಕು. 1978ರಲ್ಲಿ ಬಿಡುಗಡೆಯಾದ ‘ಅಣ್ಣಿಗೇರಿ-1’ ಉತ್ತರ ಕರ್ನಾಟಕದ ಅಚ್ಚುಮೆಚ್ಚಿನ ತಳಿಯಾಯಿತಾದರೂ ಈ ರೋಗಕ್ಕೆ ಮಣಿಯುತ್ತಿತ್ತು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ಸಂಸ್ಥೆಗಳು ‘ಡಬ್ಲ್ಯು.ಆರ್. 315’ ಎಂಬ ತಳಿಯ ನಿರೋಧ ಗುಣವನ್ನು ಅದರಲ್ಲಿ ಕೂಡಿಸಿ ‘ಸೂಪರ್ ಅಣ್ಣಿಗೇರಿ-1’ನ್ನು ರೂಪಿಸಿದವು, 2019ರಲ್ಲಿ ಅದು ಬಿಡುಗಡೆಗೆ ಆಯ್ಕೆಯಾಯಿತು. ಹಳೆಯ ಹೆಸರನ್ನು ಉಳಿಸಿಕೊಂಡದ್ದು ಜಾಣತನವೆಂದೇ ನಮ್ಮ ಎಣಿಕೆ.

ಮಿಕ್ಕ ಉಪಾಯಗಳೆಲ್ಲ ಬಿತ್ತನೆಗೆ ಮುಂಚಿನವು. ಬೇಸಿಗೆಯಲ್ಲಿ ಆಳವಾಗಿ ಉಳುವುದು, ಹಿಂದಿನ ಬೆಳೆಯ ಕೂಳೆಯನ್ನು ಆರಿಸಿ ತೆಗೆಯುವುದು, ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ ಲೇಪಿಸುವುದು, ಬಿಸಿಲು ಏರುವ ಮೊದಲೇ ಕಾಯಿ ಬಲಿಯುವಂತೆ ಸಕಾಲದಲ್ಲಿ ಬಿತ್ತುವುದು. ಸೊರಗಿದ ಗಿಡಕ್ಕೆ ಆಮೇಲೆ ಔಷಧಿ ಹೊಯ್ದು ಫಲವಿಲ್ಲ.

ಒಣಬೇರು ಕೊಳೆಯ ವಿಷಯದಲ್ಲಿ ಮಾತ್ರ ನಮ್ಮ ಹಿರಿಯರ ಪದ್ಧತಿಯೂ ಪೂರ್ತಿ ನೆರವಾಗದು. ಕಡಲೆಯ ನಂತರ ಜೋಳ ಬಿತ್ತಿದರೆ ನೆಲ ಶುದ್ಧವಾಗುವುದೆಂಬ ನಂಬಿಕೆಯುಂಟು. ಆದರೆ ಜೋಳದ ದಂಟನ್ನು ಒಳಗೇ ಕರಿದಾಗಿಸಿ ಕೆಡಹುವ ಇದ್ದಿಲು ಕೊಳೆಗೂ ಇದೇ ಶಿಲೀಂಧ್ರ ಕಾರಣ. ಇದನ್ನು ಪೂರ್ಣವಾಗಿ ತಡೆಯುವ ಕಡಲೆಯ ತಳಿ ಇನ್ನೂ ರೈತರ ಕೈಗೆ ಬಂದಿಲ್ಲ.