ಕೋರ್ಟ್ ಸಿನಿಮಾ ಹುಚ್ಚ ಕಟಕಟೆ ಹತ್ತಿದಾಗ

ಶುಕ್ರವಾರ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ನನಗೆ ಬೇಕಾಗೋದು ಒಂದು ಕೋರ್ಟ್ ಕಥೆ. ಒಬ್ಬ ವಕೀಲ, ಒಬ್ಬ ತಡವರಿಸುವ ಸಾಕ್ಷಿ, ಕೊನೇ ಹತ್ತು ನಿಮಿಷದಲ್ಲಿ ಹೊರಬೀಳುವ ಸತ್ಯ. ಇಷ್ಟಿದ್ದರೆ ತಟ್ಟೆಯಲ್ಲಿ ಅನ್ನ ಒಣಗಿದರೂ ಗೊತ್ತಾಗಲ್ಲ. ಇಂಜಿನಿಯರಿಂಗ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ ಪರೀಕ್ಷೆಯ ಹಿಂದಿನ ರಾತ್ರಿ ಜಾನ್ ಗ್ರಿಶಮ್‌ನ ‘ಎ ಟೈಮ್ ಟು ಕಿಲ್’ ಓದಿ ಮುಗಿಸಿದವನು ನಾನು. ಮಗಳ ಮೇಲೆ ಅತ್ಯಾಚಾರ ಮಾಡಿದ ಇಬ್ಬರನ್ನು ಕೋರ್ಟ್ ಕಟ್ಟಡದಲ್ಲೇ ಗುಂಡಿಟ್ಟು ಕೊಂದ ಅಪ್ಪನ ಕಥೆ ಅದು. ಕೊಂದದ್ದು ಅವನೇ, ಅನುಮಾನವೇ ಇಲ್ಲ. ಆದರೂ ಅವನು ಬಿಡುಗಡೆ ಆಗಲಿ ಅಂತ ಬೆಳಗಿನ ಜಾವ ಮೂರು ಗಂಟೆಗೆ ಪ್ರಾರ್ಥನೆ ಮಾಡ್ತಿದ್ದೆ. ಪರೀಕ್ಷೆಯ ಫಲಿತಾಂಶ ಕೇಳಬೇಡಿ.

ಅತಿ ಹೆಚ್ಚು ಸಲ ನೋಡಿದ್ದು ಮಾತ್ರ 1957ರ ‘12 ಆಂಗ್ರಿ ಮೆನ್’. (ಹಿಂದಿಯಲ್ಲಿ ನೋಡಬೇಕೆಂದರೆ 1986ರ ‘ಏಕ್ ರುಕಾ ಹುವಾ ಫೈಸಲಾ’ ಇದೆ.) ಅಪ್ಪನನ್ನು ಕೊಂದ ಆರೋಪ ಹೊತ್ತ ಹುಡುಗ, ಒಂದು ಕೋಣೆಯಲ್ಲಿ ಹನ್ನೆರಡು ಜನ ಜ್ಯೂರಿಗಳು. ಹನ್ನೊಂದು ಜನ ತಪ್ಪಿತಸ್ಥ ಅಂದಾಗ ಒಬ್ಬನೇ ಒಬ್ಬ ‘ಸ್ವಲ್ಪ ಮಾತಾಡೋಣ’ ಅಂತಾನೆ. ಕೊನೆಗೆ ಎಲ್ಲ ನಿಂತಿರೋದು ಎದುರು ಮನೆಯ ಹೆಂಗಸಿನ ಸಾಕ್ಷ್ಯದ ಮೇಲೆ. ಕೊಲೆಯನ್ನು ಕಣ್ಣಾರೆ ಕಂಡೆ ಅಂದಿರುತ್ತಾಳೆ. ಅವಳ ಮೂಗಿನ ಮೇಲೆ ಕನ್ನಡಕದ ಗುರುತು ಇದ್ದದ್ದು ವಯಸ್ಸಾದ ಜ್ಯೂರಿಗೆ ನೆನಪಾಗುತ್ತದೆ. ರಾತ್ರಿ ಹಾಸಿಗೆಯಲ್ಲಿದ್ದವಳು ಕನ್ನಡಕ ಹಾಕಿರುತ್ತಾಳಾ? ಅಲ್ಲಿಗೆ ಕೇಸು ಕುಸಿಯಿತು. ಆ ದೃಶ್ಯಕ್ಕೆ ಪ್ರತಿ ಸಲ ಚಪ್ಪಾಳೆ ಹೊಡೆದಿದ್ದೇನೆ. ಆ ಹೆಂಗಸಿನ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ. ಇಂಥ ಕಥೆ ನೋಡುವಾಗ ನಾವು ವಕೀಲರಾಗ್ತೀವಿ, ಜಡ್ಜ್ ಆಗ್ತೀವಿ. ಸಾಕ್ಷಿ ಆಗೋರು ಯಾರು ಹೇಳಿ?

2023ರಲ್ಲಿ ನನ್ನ ಹೆಸರಿಗೆ ಸಮನ್ಸ್ ಬಂತು.

ಪ್ರಕರಣ 2019ರದ್ದು. ಸಂಜೆ ಬೈಕಿನಲ್ಲಿ ಊರಿಗೆ ಹೊರಟಿದ್ದೆ, ಸೋನೆ ಮಳೆ. ಮುಂದೆ ಹೋಗುತ್ತಿದ್ದ ಗೂಡ್ಸ್ ಗಾಡಿ ಒಂದು ಮೊಪೆಡ್‌ಗೆ ಗುದ್ದಿತು. ಗಾಡಿ ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿದ, ಹೊರಟೇಹೋದ. ಎಲ್ಲ ಸೇರಿ ಎರಡು ಸೆಕೆಂಡ್ ಇರಬಹುದು. ಗಾಡಿ ನಂಬರ್ ಮಾತ್ರ ನನಗೆ ಗಟ್ಟಿಯಾಗಿ ಉಳಿಯಿತು. ಮೊಪೆಡ್ ಸವಾರ ಆಸ್ಪತ್ರೆ ತಲುಪುವ ಮುಂಚೆಯೇ ತೀರಿಕೊಂಡರು. ಪೊಲೀಸರು ‘ಡ್ರೈವರ್‌ನ ನೋಡಿದ್ರಾ?’ ಅಂದರು. ‘ಒಂದು ಕ್ಷಣ ನೋಡಿದೆ ಸಾರ್’ ಅಂದೆ. ಬರೆದುಕೊಂಡರು. ಸೆಕ್ಷನ್ 161ರ ಹೇಳಿಕೆಗೆ (ಈಗಿನ ಬಿಎನ್‌ಎಸ್‌ಎಸ್‌ನಲ್ಲಿ 180) ನಮ್ಮ ಸಹಿ ತಗೊಳ್ಳುವಂತಿಲ್ಲ, ಹಾಗಾಗಿ ಏನು ಬರೆದಿದ್ದಾರೆ ಅಂತ ನಾನು ಓದಿರಲೂ ಇಲ್ಲ.

ನಾಲ್ಕು ವರ್ಷದ ಮೇಲೆ ತಾಲ್ಲೂಕು ಕೋರ್ಟಿನ ವರಾಂಡದಲ್ಲಿ ನಿಂತೆ. ಮೊದಲ ಸಲ ವಾಯಿದೆ, ಎರಡನೇ ಸಲವೂ ವಾಯಿದೆ. ಚೈತನ್ಯ ತಮ್ಹಾಣೆಯವರ ‘ಕೋರ್ಟ್’ ಸಿನಿಮಾ ನೋಡುವಾಗ ಇಷ್ಟು ನಿಧಾನ ಯಾಕಪ್ಪ ಅಂತ ಗೊಣಗಿದ್ದೆ. ಅದರಲ್ಲಿ ತೋಳಿಲ್ಲದ ರವಿಕೆ ತೊಟ್ಟು ಬಂದಳೆಂದು ಒಬ್ಬ ಮಹಿಳೆಯ ಕೇಸನ್ನೇ ಜಡ್ಜ್ ಮುಂದಕ್ಕೆ ಹಾಕುತ್ತಾರೆ. ಎರಡು ರಜೆ ಹಾಳಾದ ಮೇಲೆ ಆ ಸಿನಿಮಾ ಬಹಳ ವೇಗವಾಗಿದೆ ಅನಿಸಿತು.

ಮೂರನೇ ಸಲ ಸರ್ಕಾರಿ ವಕೀಲರು ನನ್ನ ಹೇಳಿಕೆ ಓದಿ ನೆನಪಿಸಿದರು. ಕೊನೇ ಸಾಲು: ‘ಸದರಿ ಚಾಲಕನನ್ನು ಮುಂದೆ ನೋಡಿದರೆ ಗುರುತಿಸುತ್ತೇನೆ.’ ನಾನು ಹಾಗೆ ಹೇಳಿರಲಿಲ್ಲ.

ಆರೋಪಿ ಅಲ್ಲೇ ನಿಂತಿದ್ದರು. ಐವತ್ತರ ಆಸುಪಾಸು, ಸಣಕಲು ಮೈ, ನರೆತ ತಲೆ. ನನ್ನ ನೆನಪಿನಲ್ಲಿದ್ದದ್ದು ಒಬ್ಬ ಹುಡುಗನ ಮುಖ. ಆದರೆ ಅದು ನೆನಪಾ ಅಥವಾ ನಾನು ಕಟ್ಟಿಕೊಂಡದ್ದಾ? ಯಾಕೆಂದರೆ ಕೆಳಗೆ ಟೀ ಅಂಗಡಿಯಲ್ಲಿ ಆಗಷ್ಟೇ ಯಾರೋ ಹೇಳಿದ್ದರು, ಅವತ್ತು ಓಡಿಸಿದ್ದು ಮಾಲೀಕರ ಮಗ, ಲೈಸೆನ್ಸ್ ಇರಲಿಲ್ಲ, ಅದಕ್ಕೇ ಡ್ರೈವರ್‌ನ ಮುಂದೆ ತಳ್ಳಿದ್ದಾರೆ ಅಂತ. ಗಾಳಿಮಾತು. ಕೋರ್ಟಿನಲ್ಲಿ ಅದಕ್ಕೆ ಕವಡೆ ಕಿಮ್ಮತ್ತಿಲ್ಲ. ಇನ್ನೊಂದು ತೊಡಕು ಕೇಳಿ: ಲೈಸೆನ್ಸ್ ಇಲ್ಲದವನು ಓಡಿಸಿದ್ದ ಅಂತಾದರೆ ವಿಮಾ ಕಂಪನಿ ತಗಾದೆ ತೆಗೆಯುತ್ತದೆ, ಸತ್ತವರ ಹೆಂಡತಿಗೆ ಪರಿಹಾರ ತಡವಾಗಬಹುದು. ‘ಇವರೇ’ ಅಂದುಬಿಟ್ಟರೆ ಆಯಮ್ಮನಿಗೆ ನೆಮ್ಮದಿ, ಈ ಮನುಷ್ಯನಿಗೆ ಎರಡು ವರ್ಷದವರೆಗೆ ಜೈಲು.

ಆಗ ನೆನಪಾದದ್ದು ರೊನಾಲ್ಡ್ ಕಾಟನ್. 1984ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಜೆನಿಫರ್ ಥಾಂಪ್ಸನ್ ಎಂಬ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರವಾಯಿತು. ಇವನನ್ನು ಹಿಡಿಸಲೇಬೇಕು ಅಂತ ಆಕೆ ಆ ಹೊತ್ತಿನಲ್ಲೇ ಅವನ ಮುಖವನ್ನು ಗಮನವಿಟ್ಟು ನೋಡಿಕೊಂಡಿದ್ದಳು. ಫೋಟೊದಲ್ಲಿ, ಸಾಲಿನಲ್ಲಿ ನಿಲ್ಲಿಸಿದಾಗ, ಕೋರ್ಟಿನಲ್ಲಿ ಪ್ರತಿ ಸಲವೂ ಕಾಟನ್‌ನನ್ನೇ ತೋರಿಸಿದಳು. ಅವನು ಹತ್ತು ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದ. 1995ರಲ್ಲಿ ಡಿಎನ್‌ಎ ಪರೀಕ್ಷೆ ಬೇರೊಬ್ಬನ ಕಡೆ ಬೊಟ್ಟು ಮಾಡಿತು. ಆಕೆ ಒಂದಕ್ಷರವೂ ಸುಳ್ಳು ಹೇಳಿರಲಿಲ್ಲ, ಅದೇ ನನಗೆ ಭಯ ಹುಟ್ಟಿಸಿದ್ದು. ಮುಂದೆ ಇಬ್ಬರೂ ಸೇರಿ ‘ಪಿಕಿಂಗ್ ಕಾಟನ್’ ಅಂತ ಪುಸ್ತಕ ಬರೆದರು. ಆಕೆ ಅಷ್ಟು ಹತ್ತಿರದಿಂದ ನೋಡಿದ್ದಳು. ನನಗಿದ್ದದ್ದು ಮಳೆ, ಒದ್ದೆ ಹೆಲ್ಮೆಟ್, ಮಂಜು ಹಿಡಿದ ಕನ್ನಡಕ.

‘ಅಲ್ಲಿ ನಿಂತಿರೋ ಆರೋಪಿಯೇ ಅವತ್ತು ಗಾಡಿ ಓಡಿಸ್ತಿದ್ದವರಾ?’

‘ಹೇಳೋಕೆ ಆಗಲ್ಲ ಸಾರ್. ಮುಖ ಸರಿಯಾಗಿ ನೋಡಿಲ್ಲ.’

ಸರ್ಕಾರಿ ವಕೀಲರು ನನ್ನನ್ನು ಪ್ರತಿಕೂಲ ಸಾಕ್ಷಿ ಅಂತ ಪರಿಗಣಿಸಲು ಕೋರಿದರು. ಸಿನಿಮಾದಲ್ಲಿ ಆ ಪದ ಕೇಳಿದಾಗೆಲ್ಲ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ನೋಟಿನ ಕಟ್ಟು. ‘ಆರೋಪಿಯೊಂದಿಗೆ ರಾಜಿಯಾಗಿ ಸುಳ್ಳು ಹೇಳುತ್ತಿದ್ದೀರಿ.’ ಇಲ್ಲ ಅಂದೆ. ಟೈಪಿಸ್ಟ್ ‘ಎಂದರೆ ಸರಿಯಲ್ಲ’ ಅಂತ ಸೇರಿಸಿ ಕುಟ್ಟಿದರು. ಆರೋಪಿ ಪರ ವಕೀಲರು ಪಾಟಿ ಸವಾಲು ಇಲ್ಲ ಅಂದರು. ಅವರಿಗೆ ಬೇಕಾದದ್ದು ಸಿಕ್ಕಿತ್ತು.

ಹಾಗಾದರೆ ನೀನು ಕಂಡ ಮುಖ ಎಂಥದ್ದು ಅಂತ ಯಾರೂ ಕೇಳಲಿಲ್ಲ. ನಾನಾಗಿ ಹೇಳಬಹುದಿತ್ತು, ಹೇಳಲಿಲ್ಲ. ಖಚಿತವಿಲ್ಲದ್ದನ್ನು ಹೇಳಬಾರದು ಅನ್ನೋದು ಒಂದು ಕಾರಣ. ವಿಮೆ ಹಣಕ್ಕೆ ಕಲ್ಲು ಬೀಳಬಾರದು ಅನ್ನೋದು ಇನ್ನೊಂದು. ಮನೆಗೆ ಹೋಗಬೇಕು ಅನ್ನೋದು ಮೂರನೇದು. ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಇತ್ತು ಅಂತ ಈಗಲೂ ಸರಿಯಾಗಿ ಹೇಳಲಾರೆ.

ಹೊರಗೆ ಆಯಮ್ಮ ಮಗಳ ಜೊತೆ ನಿಂತಿದ್ದರು. ಹುಡುಗಿ ಸ್ಕೂಲ್ ಯೂನಿಫಾರ್ಮ್‌ನಲ್ಲೇ ಇದ್ದಳು.

‘ನಂಬರ್ ಹೇಳಿದ್ದು ನೀನೇ ಅಲ್ವೇನಪ್ಪ? ಮುಖ ಯಾಕೆ ಹೇಳ್ಲಿಲ್ಲ?’

ಮಳೆ, ಹೆಲ್ಮೆಟ್, ಕನ್ನಡಕ ಅಂತೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ‘ಆಯ್ತು ಬಿಡಪ್ಪ, ಬಸ್ಸಿಗೆ ಹೊತ್ತಾಯ್ತು’ ಅಂದರು.

ಡ್ರೈವರ್ ಖುಲಾಸೆ ಆದರು ಅಂತ ಆಮೇಲೆ ತಿಳಿಯಿತು. ವಕೀಲನಾಗಿರೋ ಗೆಳೆಯ ಸಮಾಧಾನ ಹೇಳಿದ: ‘ಪರಿಹಾರದ ಕೇಸು ಬೇರೆ ಕಣೋ. ಜೈಲಿಗೆ ಹಾಕೋಕೆ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಪರಿಹಾರಕ್ಕೆ ಯಾವುದು ಹೆಚ್ಚು ಸಂಭವ ಅನ್ನೋದು ಸಾಕು. ನಿನ್ನ ಗಾಡಿ ನಂಬರ್ ಅಲ್ಲಿ ಕೆಲಸಕ್ಕೆ ಬರುತ್ತೆ.’ ಅಪಘಾತ ಪರಿಹಾರ ನ್ಯಾಯಮಂಡಳಿಯ ಈ ಲೆಕ್ಕ ಯಾವ ಥ್ರಿಲ್ಲರ್‌ನಲ್ಲೂ ನಾನು ಕಂಡಿರಲಿಲ್ಲ. ಅದನ್ನು ಕಟಕಟೆ ಹತ್ತುವ ಮೊದಲೇ ಯಾರಾದರೂ ಹೇಳಿದ್ದರೆ ಬಾಯಿ ಬಿಡುತ್ತಿದ್ದೆನೇನೋ.

ಕೋರ್ಟಿಗೆ ಹೋಗಿ ಬಂದ ರಾತ್ರಿಯೇ ನಾನು ಕಂಡ ಮುಖದ ಬಗ್ಗೆ ನೆನಪಿದ್ದಷ್ಟನ್ನೂ ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟೆ. ನಾಲ್ಕು ಸಾಲು. ಮೂರರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇದೆ. 2019ರಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಾಗಲೇ ಬರೆಯಬೇಕಿತ್ತು. ಫೋನ್ ಕೈಯಲ್ಲೇ ಇತ್ತು.